ಲೋಹ ಹಿಡಿಯುವ ಅಣುವಿನ ವಿನ್ಯಾಸ: ಯಾವ ಪ್ರಶ್ನೆಗೆ ಯಾವ ಲೆಕ್ಕ?

ಲೋಹದ ಅಯಾನನ್ನು ಹಲವು ಕಡೆಯಿಂದ ಹಿಡಿಯುವ ಇಡಿಟಿಎ ಅಣು ಮೆಗ್ನೀಸಿಯಂಗಿಂತ ಕ್ಯಾಲ್ಸಿಯಂ ಅಯಾನನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಡಿತದ ಬಿಗಿ ಹೇಳುವ ಲಾಗ್ ಕೆ (ಸ್ಥಿರತಾ ಸ್ಥಿರಾಂಕದ ಲಾಗರಿದಮ್; ಒಂದು ಘಟಕ ಏರಿದರೆ ಹಿಡಿತ ಹತ್ತು ಪಟ್ಟು) ಲೆಕ್ಕದಲ್ಲಿ ಕ್ಯಾಲ್ಸಿಯಂಗೆ 10.7, ಮೆಗ್ನೀಸಿಯಂಗೆ 8.8. ವ್ಯತ್ಯಾಸ 1.9, ಅಂದರೆ ಮೋಲಿಗೆ ಸುಮಾರು 11 ಕಿಲೋಜೌಲ್. ಇದೇ ಎರಡು ಅಯಾನುಗಳು ನೀರಿಗೆ ಅಂಟಿಕೊಂಡಿರುವ ಬಲವೇ ಬೇರೆ ಮಟ್ಟದ್ದು. ಜಲಯೋಜನ ಶಕ್ತಿ ಮೆಗ್ನೀಸಿಯಂಗೆ ಸುಮಾರು -1830, ಕ್ಯಾಲ್ಸಿಯಂಗೆ -1505 ಕಿಲೋಜೌಲ್. ನಡುವೆ 325ರ ಕಂದಕ. ಆ ಕಂದಕವನ್ನು ಇಡಿಟಿಎ ಹೆಚ್ಚುಕಡಿಮೆ ಪೂರ್ತಿ ತುಂಬುತ್ತದೆ. ತುಂಬಿದ ಮೇಲೆ ಉಳಿದ ಚೂರೇ ನಮಗೆ ಬೇಕಾದ 11. ಗಾಡಿತುಂಬ ಹುಲ್ಲನ್ನು ಎರಡು ಸಲ ತೂಗಿ, ಅದರೊಳಗೆ ಬಿದ್ದ ಉಂಗುರದ ತೂಕ ಹೇಳುವ ಕೆಲಸ ಇದು. ತಕ್ಕಡಿ ನೂರಕ್ಕೆ ಮೂರರಷ್ಟು ತಪ್ಪಿದರೆ ಉತ್ತರವೇ ತಲೆಕೆಳಗು.

ಹಾಗಾಗಿ ಲೋಹ ಹಿಡಿಯುವ ಅಣುಗಳನ್ನು ಗಣಕದಲ್ಲಿ ರೂಪಿಸಲು ಹೊರಟವರು ‘ಅತಿ ನಿಖರವಾದ ವಿಧಾನ ಯಾವುದು’ ಎಂದು ಕೇಳಿದರೆ ದಾರಿ ತಪ್ಪುತ್ತದೆ. ಯಾವ ಎರಡು ಸಂಗತಿಗಳನ್ನು ಹೋಲಿಸುತ್ತಿದ್ದೇವೆ, ಆ ಹೋಲಿಕೆಯಲ್ಲಿ ಎರಡೂ ಕಡೆಯ ತಪ್ಪು ಒಂದನ್ನೊಂದು ಹೊಡೆದುಹಾಕುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. 25 ಡಿಗ್ರಿಯಲ್ಲಿ ಒಂದು ಲಾಗ್ ಘಟಕ ಎಂದರೆ 5.7 ಕಿಲೋಜೌಲ್, ಹಳೆಯ ಲೆಕ್ಕದಲ್ಲಿ 1.36 ಕಿಲೋಕ್ಯಾಲೊರಿ. ಈ ಸಂಖ್ಯೆಯನ್ನು ಮೇಜಿನ ಮುಂದೆ ಬರೆದು ಅಂಟಿಸಿಕೊಳ್ಳಿ. ಮುಂದಿನ ಆಯ್ಕೆಗಳೆಲ್ಲ ಇದರ ಸುತ್ತಲೇ ತಿರುಗುತ್ತವೆ.

ಉದಾಹರಣೆಗೆ ಯುರೇನೈಲ್ ಅಯಾನನ್ನು ತೆಗೆದುಕೊಳ್ಳೋಣ. ಯುರೇನಿಯಂನ ಎರಡು ಬದಿಗೆ ಒಂದೊಂದು ಆಮ್ಲಜನಕ ನೇರ ಗೆರೆಯಲ್ಲಿ ನಿಂತಿರುತ್ತದೆ. ಲಿಗ್ಯಾಂಡ್‌ಗೆ, ಅಂದರೆ ಲೋಹ ಹಿಡಿಯುವ ಅಣುವಿಗೆ, ಜಾಗ ಇರುವುದು ಸೊಂಟದ ಸುತ್ತ ಮಾತ್ರ. ಸಮುದ್ರದ ನೀರಿನಿಂದ ಯುರೇನಿಯಂ ಹೀರುವ ವಸ್ತುಗಳಿಗಾಗಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಈ ಅಯಾನಿನ ಮೇಲೆ ಗಣಕ ವಿನ್ಯಾಸದ ಕೆಲಸ ಬಹಳ ನಡೆದಿದೆ. ನಮಗೂ ಇದು ದೂರದ ಮಾತಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಗ್ರಾನೈಟ್ ಬಂಡೆಯ ಕೊಳವೆಬಾವಿಗಳಲ್ಲಿ ಯುರೇನಿಯಂ ಮಿತಿ ಮೀರಿರುವುದು ದಾಖಲಾಗಿದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ.

ಲೆಕ್ಕಕ್ಕೆ ಮೊದಲು: ನೀರಿನಲ್ಲಿ ಇರುವುದೇನು?

ಹೊಸಬರು ತಪ್ಪದೆ ಮಾಡುವ ತಪ್ಪೊಂದಿದೆ. ಐದು ನೀರಿನ ಅಣು ಸುತ್ತುವರಿದ ಯುರೇನೈಲ್ ಅಯಾನನ್ನು ಬರೆದು, ಅದರಿಂದ ನೀರು ತೆಗೆದು ತಮ್ಮ ಲಿಗ್ಯಾಂಡ್ ಕೂರಿಸಿ, ‘ಅದ್ಭುತ ಬಂಧ’ ಎಂದು ಸಂಭ್ರಮಿಸುವುದು. ಆ ಅಯಾನು ಆಮ್ಲೀಯ ದ್ರಾವಣದ ಪ್ರಾಣಿ. ಪಿಎಚ್ 7ರಿಂದ 8ರ ಬೈಕಾರ್ಬೊನೇಟ್ ತುಂಬಿದ ಅಂತರ್ಜಲದಲ್ಲಿ ಯುರೇನೈಲ್ ಮೂರು ಕಾರ್ಬೊನೇಟ್ ಅಪ್ಪಿಕೊಂಡು, ಎಷ್ಟೋ ಕಡೆ ಎರಡು ಕ್ಯಾಲ್ಸಿಯಂಗಳನ್ನೂ ಜೊತೆಗೆ ಕರೆದುಕೊಂಡು ಓಡಾಡುತ್ತದೆ. ಮೂರು ಕಾರ್ಬೊನೇಟ್ ಸಂಕೀರ್ಣದ ಲಾಗ್ ಬೀಟಾ, ಅಂದರೆ ಮೂರೂ ಸೇರಿದ ಒಟ್ಟು ಲಾಗ್ ಕೆ, 21.8. ನಿಮ್ಮ ಅಣು ಜಗಳ ಆಡಬೇಕಾದದ್ದು ನೀರಿನ ಜೊತೆಗಲ್ಲ, ಇದರ ಜೊತೆಗೆ.

ಎರಡನೆಯ ಲೆಕ್ಕ ಸಂಖ್ಯಾಬಲದ್ದು. ಲೀಟರಿಗೆ 30 ಮೈಕ್ರೋಗ್ರಾಂ ಯುರೇನಿಯಂ ಎಂದರೆ 0.13 ಮೈಕ್ರೋಮೋಲ್. ಅದೇ ನೀರಿನಲ್ಲಿ 40 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅದು 1 ಮಿಲಿಮೋಲ್. ಒಂದು ಯುರೇನೈಲ್‌ಗೆ ಸುಮಾರು 8,000 ಕ್ಯಾಲ್ಸಿಯಂ ಸಾಲಿನಲ್ಲಿ ನಿಂತಿವೆ. ಹೀಗಾಗಿ ಸುಮಾರು 4 ಲಾಗ್ ಘಟಕದಷ್ಟು ಆಯ್ಕೆಗಾರಿಕೆ ಇದ್ದರೆ ಪಂದ್ಯ ಬರೀ ಸಮಬಲ. ಅದಕ್ಕಿಂತ ಮೇಲಿದ್ದದ್ದು ಮಾತ್ರ ಲಾಭ.

ಮೂರನೆಯದು ಪ್ರೋಟಾನ್. ಯುರೇನೈಲ್ ಹೀರುವ ನಾರುಗಳಲ್ಲಿ ಬಳಸುವ ಅಮಿಡಾಕ್ಸಿಮ್ ಗುಂಪಿನ ಸರಳ ಮಾದರಿ ಅಸಿಟಮಿಡಾಕ್ಸಿಮ್. ಅದರ ಆಕ್ಸಿಮ್ ಪ್ರೋಟಾನ್‌ನ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಕಳೆದುಕೊಳ್ಳುವ ಪಿಎಚ್) 13ರ ಆಸುಪಾಸಿನಲ್ಲಿದೆ. ಪಿಎಚ್ 8ರ ನೀರಿನಲ್ಲಿ ಅದನ್ನು ಕಿತ್ತು ಲೋಹಕ್ಕೆ ಜಾಗ ಮಾಡಲು ಪ್ರತಿ ಲಿಗ್ಯಾಂಡ್ 5 ಲಾಗ್ ಘಟಕ, ಸುಮಾರು 28 ಕಿಲೋಜೌಲ್ ತೆರಬೇಕು. ಸಾಹಿತ್ಯದಲ್ಲಿ ಸಿಗುವ ದೊಡ್ಡ ದೊಡ್ಡ ಲಾಗ್ ಕೆಗಳು ಪ್ರೋಟಾನ್ ಕಳೆದುಕೊಂಡ ಲಿಗ್ಯಾಂಡ್‌ನವು. ಈ ದಂಡ ಅವುಗಳಲ್ಲಿ ಸೇರಿರುವುದಿಲ್ಲ.

ಈ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಲು ಕ್ವಾಂಟಂ ರಸಾಯನಶಾಸ್ತ್ರದ ಲೆಕ್ಕ ಬೇಕಿಲ್ಲ. ನೀರಿನಲ್ಲಿ ಯಾವ ರೂಪ ಎಷ್ಟಿದೆ ಎಂದು ಹೇಳುವ ಫ್ರೀಕ್ ಅಥವಾ ವಿಷುವಲ್ ಮಿಂಟೆಕ್‌ನಂಥ ಉಚಿತ ತಂತ್ರಾಂಶದಲ್ಲಿ ನೀರಿನ ಪರೀಕ್ಷಾ ವರದಿಯ ಸಂಖ್ಯೆಗಳನ್ನು ತುಂಬಿದರೆ ಅರ್ಧ ದಿನದ ಕೆಲಸ. ಅಲ್ಲಿ ಇನ್ನೊಂದು ಪ್ರಯೋಗ ಮಾಡಿ: ನಿಮ್ಮ ಕಲ್ಪನೆಯ ಲಿಗ್ಯಾಂಡ್ ಸೇರಿಸಿ, ಅದರ ಲಾಗ್ ಕೆ 10, 15, 20 ಎಂದು ಏರಿಸುತ್ತಾ ಹೋಗಿ, ಯುರೇನಿಯಂನ ಅರ್ಧ ಭಾಗ ಎಷ್ಟರಲ್ಲಿ ಇತ್ತ ಬರುತ್ತದೆ ನೋಡಿ. ವಿನ್ಯಾಸದ ಗುರಿ ಅದೇ. ಈ ಹೆಜ್ಜೆ ಬಿಟ್ಟು ಶುರುವಾದ ಯೋಜನೆಗಳು ತಿಂಗಳುಗಟ್ಟಲೆ ಸೂಪರ್‌ಕಂಪ್ಯೂಟರ್ ಓಡಿಸಿ, ಕೊನೆಗೆ ಆಮ್ಲದಲ್ಲಿ ಮಾತ್ರ ಕೆಲಸ ಮಾಡುವ ಅಣುವನ್ನು ಕೊಡುತ್ತವೆ.

ಆಕಾರದ ಜರಡಿ: ಕೈಯಲ್ಲಿ ಬರೆಯುವುದೋ, ಹೋಸ್ಟ್‌ಡಿಸೈನರ್ ಬಳಸುವುದೋ

ಲಿಗ್ಯಾಂಡ್‌ನ ಎರಡು ದಾತೃ ಪರಮಾಣುಗಳು (ಲೋಹವನ್ನು ನೇರವಾಗಿ ಹಿಡಿಯುವವು) ಅಡಕತ್ತರಿಯ ಎರಡು ಬಾಯಿಯಿದ್ದಂತೆ. ಅವು ಎಷ್ಟು ಅಗಲ ತೆರೆದಿವೆ ಎಂಬುದು ಯಾವ ಗಾತ್ರದ ಲೋಹ ಒಳಗೆ ಕೂರುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಎಥಿಲೀನ್‌ಡಯಮೀನ್ ಮಾದರಿಯ ಐದು ಸದಸ್ಯರ ಉಂಗುರಕ್ಕೆ ಒಗ್ಗುವ ಲೋಹ-ನೈಟ್ರೋಜನ್ ದೂರ 2.5 ಆಂಗ್‌ಸ್ಟ್ರಾಂ, ಕೋನ 69 ಡಿಗ್ರಿ. ಒಂದು ಇಂಗಾಲ ಸೇರಿಸಿ ಆರು ಸದಸ್ಯರ ಉಂಗುರ ಮಾಡಿದರೆ ದೂರ 1.6 ಆಂಗ್‌ಸ್ಟ್ರಾಂಗೆ ಇಳಿದು ಕೋನ 109.5ಕ್ಕೆ ಏರುತ್ತದೆ. ದೊಡ್ಡ ಲೋಹಕ್ಕೆ ಸಣ್ಣ ಉಂಗುರ, ಸಣ್ಣ ಲೋಹಕ್ಕೆ ದೊಡ್ಡ ಉಂಗುರ. ಕೇಳಲು ತಿರುಗುಮುರುಗು, ಆದರೆ ನಿಯಮ ಇದೇ. ರಾಬರ್ಟ್ ಹ್ಯಾನ್‌ಕಾಕ್ ದಶಕಗಳ ಹಿಂದೆ ಮಾಲಿಕ್ಯುಲರ್ ಮೆಕ್ಯಾನಿಕ್ಸ್ (ಪರಮಾಣುಗಳನ್ನು ಗುಂಡು, ಬಂಧಗಳನ್ನು ಸ್ಪ್ರಿಂಗ್ ಎಂದು ಭಾವಿಸುವ ಲೆಕ್ಕ) ಆಧಾರದ ಮೇಲೆ ಪ್ರತಿಪಾದಿಸಿದ ಈ ನಿಯಮ ಇಂದಿಗೂ ಅತಿ ಅಗ್ಗದ, ಅತಿ ಉಪಯುಕ್ತ ಜರಡಿ.

ಯುರೇನೈಲ್‌ಗೆ ಹೊಂದಿಸಿ ನೋಡಿ. ಸೊಂಟದಲ್ಲಿ ಆರು ದಾತೃಗಳಾದರೆ ನಡುವಿನ ಕೋನ 60 ಡಿಗ್ರಿ, ಐದಾದರೆ 72. ದೂರ ಸುಮಾರು 2.4 ಆಂಗ್‌ಸ್ಟ್ರಾಂ. ಐದು ಸದಸ್ಯರ ಉಂಗುರ ಸರಿಹೊಂದುತ್ತದೆ, ಆರರದ್ದು ಸರಿಯಾಗಿ ಕೂರದು. ಗ್ಲುಟರಿಮಿಡ್ ಡೈಆಕ್ಸಿಮ್ ಎಂಬ ಅಣು ಎರಡು ಆಕ್ಸಿಮ್ ಆಮ್ಲಜನಕ ಮತ್ತು ನಡುವಿನ ನೈಟ್ರೋಜನ್‌ನಿಂದ ಹಿಡಿದು ಎರಡು ಜೋಡಿ ಐದು ಸದಸ್ಯರ ಉಂಗುರ ಕಟ್ಟುತ್ತದೆ. ಅಂಥ ಎರಡು ಅಣು ಎದುರುಬದುರು ನಿಂತರೆ ಆರು ದಾತೃಗಳೂ ಭರ್ತಿ.

ಎರಡು ಹಿಡಿತದ ಗುಂಪುಗಳು ಗೊತ್ತಿದ್ದು, ಅವನ್ನು ಜೋಡಿಸುವ ಸೇತುವೆ ಬೇಕಾದಾಗ ಹೋಸ್ಟ್‌ಡಿಸೈನರ್ ಉಪಯೋಗಕ್ಕೆ ಬರುತ್ತದೆ. ಬೆಂಜಮಿನ್ ಹೇ ತಂಡ 2002ರಲ್ಲಿ ಪ್ರಕಟಿಸಿದ ಈ ತಂತ್ರಾಂಶಕ್ಕೆ ಲೋಹಕ್ಕೆ ಅಂಟಿದ ಎರಡು ತುಣುಕುಗಳ ರಚನೆ ಕೊಡಬೇಕು, ಎಲ್ಲೆಲ್ಲಿ ಹೈಡ್ರೋಜನ್ ತೆಗೆದು ಸೇತುವೆ ಕಟ್ಟಬಹುದು ಎಂದು ಗುರುತು ಹಾಕಬೇಕು. ತನ್ನಲ್ಲಿರುವ ಸೇತುವೆಗಳ ಭಂಡಾರದಿಂದ ಒಂದೊಂದನ್ನೇ ಕೂರಿಸಿ, ಲೋಹದ ಜಾಗ ಎಷ್ಟು ಸರಿಯಾಗಿ ಹೊಂದುತ್ತದೆ ಎಂಬುದರ ಮೇಲೆ ಅದು ಪಟ್ಟಿ ಮಾಡಿಕೊಡುತ್ತದೆ. ಸಾಧಾರಣ ಲ್ಯಾಪ್‌ಟಾಪ್ ಸಾಕು.

ಇಲ್ಲಿ ಕೆಡುವುದು ಎರಡು ಕಡೆ. ಕೊಟ್ಟ ತುಣುಕಿನ ರಚನೆಯೇ ಕೆಟ್ಟದಾಗಿದ್ದರೆ ಪಟ್ಟಿ ಪೂರ್ತಿ ಕೆಟ್ಟದ್ದು. ತುಣುಕನ್ನು ಸ್ಫಟಿಕ ರಚನೆಯಿಂದಲೋ ಡಿಎಫ್‌ಟಿ (ಎಲೆಕ್ಟ್ರಾನ್ ಸಾಂದ್ರತೆಯಿಂದ ಶಕ್ತಿ ಹೇಳುವ ಕ್ವಾಂಟಂ ವಿಧಾನ) ಲೆಕ್ಕದಿಂದಲೋ ತನ್ನಿ, ಕೈಯಲ್ಲಿ ಬರೆದದ್ದು ಬೇಡ. ಎರಡನೆಯದಾಗಿ, ಈ ತಂತ್ರಾಂಶಕ್ಕೆ ಪ್ರಯೋಗಾಲಯದ ಕಷ್ಟ ಗೊತ್ತಿಲ್ಲ. ಪಟ್ಟಿಯ ತಲೆಯಲ್ಲಿ ಮೂರು ನಾಲ್ಕು ಉಂಗುರ ಹೆಣೆದುಕೊಂಡ, ಯಾರೂ ತಯಾರಿಸದ ಅಸ್ಥಿಪಂಜರಗಳೇ ಕೂತಿರುತ್ತವೆ. ಮೊದಲ 200ನ್ನು ಮುದ್ರಿಸಿ, ಸಂಶ್ಲೇಷಣೆ ಮಾಡುವವರ ಮುಂದೆ ಇಡಿ. ಅರ್ಧ ಗಂಟೆಯಲ್ಲಿ ಅವರು 10ಕ್ಕೆ ಇಳಿಸುತ್ತಾರೆ; ಆ ಕೆಲಸಕ್ಕೆ ಇದಕ್ಕಿಂತ ವೇಗದ ಗಣಕ ಇನ್ನೂ ಬಂದಿಲ್ಲ.

ಒಂದೇ ಒಂದು ಸೇತುವೆಯ ಉದ್ದ ಬದಲಿಸಿ ನೋಡುವುದಷ್ಟೇ ಇದ್ದರೆ ಅಣು ಬಿಡಿಸುವ ತಂತ್ರಾಂಶ ಅವಗಾಡ್ರೊದಲ್ಲಿ ಕೈಯಾರೆ ಬರೆಯುವುದೇ ಸುಲಭ. ಪೂರ್ತಿ ಸಂಕೀರ್ಣವನ್ನೇ, ಹಲವು ಜೋಡಣೆಗಳಲ್ಲಿ, ತಾನೇ ಕಟ್ಟಿಕೊಡುವ ಮಾಲ್‌ಸಿಂಪ್ಲಿಫೈ, ಆರ್ಕಿಟೆಕ್ಟರ್ ಎಂಬ ಉಚಿತ ಸಾಧನಗಳೂ ಇವೆ. ನೂರಾರು ಲಿಗ್ಯಾಂಡ್ ಜರಡಿ ಹಿಡಿಯುವವರು ಅವನ್ನು ಕಲಿಯಬೇಕು, ಹತ್ತು ಅಣುಗಳವರಿಗೆ ಬೇಡ.

ಮೆಕ್ಯಾನಿಕ್ಸ್ ಮತ್ತು ಎಕ್ಸ್‌ಟಿಬಿ

ಅಣು ಲೋಹ ಹಿಡಿಯಲು ಮೈ ಬಗ್ಗಿಸಿದ್ದಕ್ಕೆ ತೆರುವ ದಂಡವೇ ಸ್ಟ್ರೈನ್ ಶಕ್ತಿ. ಹಿಡಿದಿರುವ ಭಂಗಿಯ ಶಕ್ತಿಯಿಂದ, ಲೋಹವಿಲ್ಲದಾಗಿನ ಅತ್ಯಂತ ನೆಮ್ಮದಿಯ ಭಂಗಿಯ ಶಕ್ತಿ ಕಳೆದರೆ ಸಿಗುತ್ತದೆ. ಒಂದೇ ಜಾತಿಯ, ಒಂದೇ ಸಂಖ್ಯೆಯ ದಾತೃಗಳಿದ್ದು ಸೇತುವೆ ಮಾತ್ರ ಬೇರೆಯಿರುವ ಲಿಗ್ಯಾಂಡ್‌ಗಳನ್ನು ಸಾಲಾಗಿ ನಿಲ್ಲಿಸಲು ಎಂಎಂ3ಯಂಥ ಫೋರ್ಸ್ ಫೀಲ್ಡ್ (ಮೆಕ್ಯಾನಿಕ್ಸ್ ಲೆಕ್ಕದ ಸೂತ್ರ, ಸಂಖ್ಯೆಗಳ ಕಟ್ಟು) ಧಾರಾಳ ಸಾಕು. ನೈಟ್ರೋಜನ್ ಬೇಕೋ ಆಮ್ಲಜನಕ ಬೇಕೋ ಎಂದು ಅದನ್ನು ಕೇಳಬೇಡಿ. ಉತ್ತರ ಕೊಡುತ್ತದೆ, ಆದರೆ ಆ ಉತ್ತರ ಪ್ಯಾರಾಮೀಟರ್ ಬರೆದವರ ಅಭಿಪ್ರಾಯ. ಸೀಸದ ಎರಡು ಧನಾವೇಶದ ಅಯಾನು ಇನ್ನೊಂದು ಬಲೆ. ಅದರ ಒಂಟಿ ಎಲೆಕ್ಟ್ರಾನ್ ಜೋಡಿ ಒಂದು ಬದಿಯನ್ನು ಖಾಲಿ ಬಿಡಿಸುತ್ತದೆ. ಸಾಮಾನ್ಯ ಫೋರ್ಸ್ ಫೀಲ್ಡ್‌ಗೆ ಲೋಹ ಬರೀ ಗುಂಡು, ಅದರ ಕಣ್ಣಿಗೆ ಈ ವಿಷಯ ಬೀಳುವುದೇ ಇಲ್ಲ.

ಸ್ಟೆಫಾನ್ ಗ್ರಿಮೆ ತಂಡದ ಜಿಎಫ್‌ಎನ್2-ಎಕ್ಸ್‌ಟಿಬಿ ಎಂಬ ಅಗ್ಗದ ಕ್ವಾಂಟಂ ವಿಧಾನ ಮೆಕ್ಯಾನಿಕ್ಸ್‌ಗೂ ಡಿಎಫ್‌ಟಿಗೂ ಮಧ್ಯದ ಜಾಗವನ್ನು ತುಂಬುತ್ತದೆ. ಎಲೆಕ್ಟ್ರಾನ್‌ಗಳ ಲೆಕ್ಕ ಇದೆ, ಆದರೂ ನೂರು ಪರಮಾಣುಗಳ ಸಂಕೀರ್ಣ ಲ್ಯಾಪ್‌ಟಾಪ್‌ನಲ್ಲಿ ನಿಮಿಷಗಳಲ್ಲಿ ನೆಲೆಗೆ ಬರುತ್ತದೆ. ಕ್ರೆಸ್ಟ್ ಎಂಬ ತಂತ್ರಾಂಶದ ಜೊತೆ ಸೇರಿಸಿದರೆ ಅಣುವಿನ ಭಂಗಿಗಳನ್ನೆಲ್ಲ ಹುಡುಕಿಕೊಡುತ್ತದೆ. ಸತು, ಕ್ಯಾಡ್ಮಿಯಂ, ತಾಮ್ರ, ಲ್ಯಾಂಥನೈಡ್‌ಗಳವರೆಗೆ ನಿಶ್ಚಿಂತೆಯಿಂದ ರಚನೆ ತೆಗೆಯಬಹುದು. ಲ್ಯಾಂಥನೈಡ್‌ನ 4ಎಫ್ ಎಲೆಕ್ಟ್ರಾನ್‌ಗಳನ್ನು ಅದು ಒಳಗೇ ಮುಚ್ಚಿಡುವುದರಿಂದ ಮೂರು ಧನಾವೇಶದ ಅಯಾನುಗಳಿಗೆ ಗೊಂದಲ ಕಡಿಮೆ. ಆದರೆ ಅದರ ಪ್ಯಾರಾಮೀಟರ್‌ಗಳು ಇರುವುದು 86ನೇ ಧಾತು ರೇಡಾನ್‌ವರೆಗೆ. ಯುರೇನಿಯಂ 92. ನಮ್ಮ ಉದಾಹರಣೆಗೆ ಈ ಬಾಗಿಲು ಮುಚ್ಚಿದೆ. ಹಾಗೆಂದು ಯುರೇನಿಯಂ ಜಾಗದಲ್ಲಿ ಬೇರೆ ಲೋಹ ಇಟ್ಟು ‘ಅಂದಾಜು’ ಮಾಡಬೇಡಿ. ಲೋಹವಿಲ್ಲದ ಲಿಗ್ಯಾಂಡ್‌ನ ಭಂಗಿಗಳಿಗೆ ಮಾತ್ರ ಕ್ರೆಸ್ಟ್ ಬಳಸಿ, ಸಂಕೀರ್ಣಕ್ಕೆ ಡಿಎಫ್‌ಟಿಗೆ ಹೋಗಿ.

ಸ್ಟ್ರೈನ್ ಲೆಕ್ಕದಲ್ಲಿ ಪದೇ ಪದೇ ಆಗುವ ಅನಾಹುತ: ಸುತ್ತಲ ನೀರಿನ ಪರಿಣಾಮವನ್ನು ಅಂದಾಜಿಸುವ ದ್ರಾವಕದ ಮಾದರಿ ಹಾಕದೆ ಭಂಗಿ ಹುಡುಕುವುದು. ನಿರ್ವಾತದಲ್ಲಿ ಲಿಗ್ಯಾಂಡ್ ತನ್ನ ಹೈಡ್ರೋಜನ್ ಬಂಧಗಳಿಂದ ತಾನೇ ಮುದುಡಿ ಉಂಡೆಯಾಗುತ್ತದೆ, ಸ್ಟ್ರೈನ್ 50–60 ಕಿಲೋಜೌಲ್ ಎಂದು ಬರುತ್ತದೆ, ಒಳ್ಳೆಯ ಅಣು ಕಸದ ಬುಟ್ಟಿಗೆ ಹೋಗುತ್ತದೆ. ಎಕ್ಸ್‌ಟಿಬಿಯಲ್ಲಿ ಎಎಲ್‌ಪಿಬಿ ಎಂಬ ದ್ರಾವಕ ಮಾದರಿಯ ನೀರು ಹಾಕಲು ಒಂದೇ ಪದ ಸಾಕು.

ಡಿಎಫ್‌ಟಿ: ಏನು ಕೇಳಬಹುದು, ಏನು ಕೇಳಬಾರದು

ಡಿಎಫ್‌ಟಿ ಅತ್ಯುತ್ತಮವಾಗಿ ಉತ್ತರಿಸುವ ಪ್ರಶ್ನೆ, ‘ಇದೇ ಪರಮಾಣುಗಳು, ಇದೇ ಆವೇಶ, ಯಾವ ಜೋಡಣೆ ಕೆಳಗಿದೆ?’ ಎಂಬುದು. ಎರಡೂ ಬದಿಯಲ್ಲಿ ಒಂದೇ ಸಾಮಗ್ರಿ, ಹಾಗಾಗಿ ತಪ್ಪುಗಳು ಹೊಡೆದುಹೋಗುತ್ತವೆ. ಅಮಿಡಾಕ್ಸಿಮ್ ಯುರೇನೈಲ್ ಅನ್ನು ಹಿಡಿಯುವ ಬಗೆಯ ಬಗ್ಗೆ ಹಲವು ಊಹೆಗಳಿದ್ದವು: ಆಮ್ಲಜನಕದಿಂದ ಮಾತ್ರವೋ, ಆಮ್ಲಜನಕ ಮತ್ತು ಅಮೀನ್ ನೈಟ್ರೋಜನ್ ಸೇರಿಯೋ, ಇಲ್ಲ ನೈಟ್ರೋಜನ್-ಆಮ್ಲಜನಕ ಬಂಧದ ಅಂಚಿನಿಂದಲೋ. ಓಕ್ ರಿಡ್ಜ್‌ನ ಡಿಎಫ್‌ಟಿ ಲೆಕ್ಕಗಳು ಅಂಚಿನ ಹಿಡಿತದ ಕಡೆ ಕೈತೋರಿಸಿದವು, ಸ್ಫಟಿಕ ರಚನೆಯೂ ಅದನ್ನೇ ಹೇಳಿತು.

ಅತ್ಯಂತ ಕೆಟ್ಟದಾಗಿ ಉತ್ತರಿಸುವ ಪ್ರಶ್ನೆ, ಬರಿಗೈ ಅಯಾನು ಮತ್ತು ಬರಿಗೈ ಲಿಗ್ಯಾಂಡ್ ಸೇರಿದಾಗ ಬರುವ ನೇರ ಲಾಗ್ ಕೆ. ಇವೆರಡರ ನಡುವೆ ಬರುವ ಕೆಲಸಕ್ಕೆ ಕ್ರಮ ಹೀಗೆ:

1. ಯುರೇನೈಲ್‌ನಲ್ಲಿ 5ಎಫ್ ಕಕ್ಷೆಗಳು ಖಾಲಿ, ಎಲ್ಲ ಎಲೆಕ್ಟ್ರಾನ್‌ಗಳೂ ಜೋಡಿ. ಸ್ಪಿನ್ ತಲೆನೋವಿಲ್ಲ, ಸಿಂಗ್ಲೆಟ್ ಎಂದು ಕೊಟ್ಟರೆ ಆಯಿತು. ಪ್ರತಿ ಲಿಗ್ಯಾಂಡ್‌ಗೆ ಕನಿಷ್ಠ ಮೂರು ನಾಲ್ಕು ಜೋಡಣೆಗಳಿಂದ ಆರಂಭಿಸಿ. ಒಂದರಿಂದಲೇ ಹೊರಟರೆ ಹತ್ತಿರದ ಹಳ್ಳದಲ್ಲೇ ಲೆಕ್ಕ ಕೂತುಬಿಡುತ್ತದೆ.

2. ಫಂಕ್ಷನಲ್ (ಡಿಎಫ್‌ಟಿ ಶಕ್ತಿ ಲೆಕ್ಕ ಹಾಕುವ ಸೂತ್ರ): ಪಿಬಿಇ0 ಅಥವಾ ಬಿ3ಎಲ್‌ವೈಪಿ, ಜೊತೆಗೆ ಡಿ3 ಚದುರುಬಲದ ತಿದ್ದುಪಡಿ. ಕಕ್ಷೆಗಳನ್ನು ವರ್ಣಿಸುವ ಬೇಸಿಸ್ ಸೆಟ್ ಹಗುರ ಪರಮಾಣುಗಳಿಗೆ ಡೆಫ್2-ಟಿಜೆಡ್‌ವಿಪಿ. ಡೆಫ್2 ಕುಟುಂಬವೂ ರೇಡಾನ್‌ಗೆ ನಿಲ್ಲುತ್ತದೆ, ಹಾಗಾಗಿ ಯುರೇನಿಯಂಗೆ ಪ್ರತ್ಯೇಕವಾಗಿ ಸ್ಟುಟ್‌ಗಾರ್ಟ್‌ನ ಸಣ್ಣ ಕೋರ್ ಇಸಿಪಿ (ಒಳಗಿನ ಎಲೆಕ್ಟ್ರಾನ್‌ಗಳ ಬದಲಿಗೆ ನಿಲ್ಲುವ ವಿಭವ) ಕೊಡಬೇಕು: 60 ಎಲೆಕ್ಟ್ರಾನ್ ಕೋರ್‌ನಲ್ಲಿ, 32 ಲೆಕ್ಕದಲ್ಲಿ. 78 ಎಲೆಕ್ಟ್ರಾನ್ ಮುಚ್ಚಿಡುವ ದೊಡ್ಡ ಕೋರ್ ಅಗ್ಗ, ಆದರೆ ಯುರೇನೈಲ್ ಬಂಧಗಳನ್ನು ಕೆಡಿಸುತ್ತದೆ. ಋಣಾವೇಶದ ಆಮ್ಲಜನಕಗಳಿಗೆ ದೂರಕ್ಕೆ ಹರಡುವ ಡಿಫ್ಯೂಸ್ ಫಂಕ್ಷನ್ ಸೇರಿಸಿ.

3. ರಚನೆಯನ್ನು ದ್ರಾವಕದ ಮಾದರಿಯಲ್ಲೇ ನೆಲೆಗೆ ತನ್ನಿ. ಟ್ರೈಕಾರ್ಬೊನೇಟ್‌ನಲ್ಲಿ ನಾಲ್ಕು ಋಣಾವೇಶ ಇವೆ. ನಿರ್ವಾತದಲ್ಲಿ ಅವು ಒಂದನ್ನೊಂದು ತಳ್ಳಿ ಬಂಧಗಳನ್ನು ಹಿಗ್ಗಿಸುತ್ತವೆ. ಸರಿಯಾಗಿದೆಯೇ ಎಂದು ನೋಡಲು ಅಳತೆಗೋಲು: ನೀರು ಸುತ್ತಿದ ಯುರೇನೈಲ್‌ನಲ್ಲಿ ಅಕ್ಷದ ಬಂಧ 1.76–1.78, ಸೊಂಟದ ಬಂಧ 2.41 ಆಂಗ್‌ಸ್ಟ್ರಾಂ, ಟ್ರೈಕಾರ್ಬೊನೇಟ್‌ನಲ್ಲಿ ಸುಮಾರು 1.80 ಮತ್ತು 2.43. ಸೊಂಟದಲ್ಲಿ 0.1ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಂದೆ ಹೋಗಬೇಡಿ.

4. ಕಂಪನಾಂಕಗಳ ಲೆಕ್ಕ. 100 ಸೆಂಟಿಮೀಟರ್ ಇನ್ವರ್ಸ್‌ಗಿಂತ ಕೆಳಗಿನ ತೂಗಾಟಗಳು ಎಂಟ್ರೊಪಿಯನ್ನು ಹುಚ್ಚಾಪಟ್ಟೆ ಉಬ್ಬಿಸುತ್ತವೆ. ಗ್ರಿಮೆಯ ಕ್ವಾಸಿ-ಹಾರ್ಮೋನಿಕ್ ತಿದ್ದುಪಡಿ ಹಾಕಿ. ಓರ್ಕಾ ಎಂಬ ಡಿಎಫ್‌ಟಿ ತಂತ್ರಾಂಶದಲ್ಲಿ ಅದು ತಾನಾಗಿಯೇ ಇರುತ್ತದೆ.

5. ವಿನಿಮಯದ ಸಮೀಕರಣ ಬರೆಯಿರಿ. ಯುರೇನೈಲ್ ಮತ್ತು ನಿಮ್ಮ ಲಿಗ್ಯಾಂಡ್ ಎಂದಲ್ಲ. ‘ಲಾಗ್ ಕೆ ಗೊತ್ತಿರುವ ಲಿಗ್ಯಾಂಡ್‌ನ ಸಂಕೀರ್ಣ, ಮತ್ತು ನನ್ನ ಲಿಗ್ಯಾಂಡ್’ ಎಡಕ್ಕೆ, ಅದಲುಬದಲಾದದ್ದು ಬಲಕ್ಕೆ. ಎರಡೂ ಲಿಗ್ಯಾಂಡ್‌ಗಳ ಆವೇಶ ಒಂದೇ ಇರಲಿ. ಎರಡು ಋಣಾವೇಶದ ಲಿಗ್ಯಾಂಡ್ ಅನ್ನು ತಟಸ್ಥ ಲಿಗ್ಯಾಂಡ್‌ಗೆ ಹೋಲಿಸಿದರೆ ದ್ರಾವಕ ಮಾದರಿಯ ತಪ್ಪೇ ಹತ್ತಾರು ಕಿಲೋಜೌಲ್ ದಾಟುತ್ತದೆ.

ನೀರಿನ ಅಣುಗಳ ಲೆಕ್ಕಪತ್ರದಲ್ಲೂ ಎಚ್ಚರ ಬೇಕು. ತಂತ್ರಾಂಶಗಳು ಅನಿಲದ 1 ವಾಯುಭಾರದ ಲೆಕ್ಕ ಕೊಡುತ್ತವೆ. 1 ಮೋಲಾರ್ ದ್ರಾವಣಕ್ಕೆ ತರಲು ಪ್ರತಿ ಅಣುವಿಗೆ 7.9 ಕಿಲೋಜೌಲ್ ಸೇರಿಸಬೇಕು. ಬಿಡುಗಡೆಯಾಗುವ ನೀರು 1 ಮೋಲಾರ್ ಅಲ್ಲ, 55.3 ಮೋಲಾರ್, ಅದಕ್ಕೆ ಇನ್ನೂ 10 ಕಿಲೋಜೌಲ್. ಐದು ನೀರು ಹೊರಬರುವ ಸಮೀಕರಣದಲ್ಲಿ ಎರಡನೆಯದನ್ನು ಮರೆತರೆ 50 ಕಿಲೋಜೌಲ್, ಸುಮಾರು 9 ಲಾಗ್ ಘಟಕ ಗಾಳಿಗೆ. ಇನ್ನೂ ಒಳ್ಳೆಯದು, ಹೊರಬಂದ ನೀರನ್ನು ಐದು ಬಿಡಿ ಅಣುಗಳೆಂದು ಬರೆಯದೆ ಐದರ ಒಂದು ಗುಚ್ಛವೆಂದು ಬರೆಯುವುದು. ಆಗ ಹೈಡ್ರೋಜನ್ ಬಂಧಗಳ ತಪ್ಪು ಎರಡೂ ಬದಿಗೆ ಸಮನಾಗಿ ಹಂಚಿಹೋಗುತ್ತದೆ.

ಇಷ್ಟಾದ ಮೇಲೆ ಬರುವ ಸಂಖ್ಯೆಯನ್ನೂ ನಂಬದೆ, ಲಾಗ್ ಕೆ ಗೊತ್ತಿರುವ ಎಂಟು ಹತ್ತು ಲಿಗ್ಯಾಂಡ್‌ಗಳಿಗೆ ಇದೇ ಲೆಕ್ಕ ಮಾಡಿ, ಅಳೆದದ್ದಕ್ಕೂ ಲೆಕ್ಕ ಹಾಕಿದ್ದಕ್ಕೂ ಒಂದು ನೇರ ಗೆರೆ ಎಳೆಯಿರಿ. ಯುರೇನೈಲ್ ವಿಷಯದಲ್ಲಿ ಓಕ್ ರಿಡ್ಜ್‌ನವರು ಹಿಡಿದ ದಾರಿಯೂ ಇದೇ. ಗೆರೆಯ ಇಳಿಜಾರು 1ಕ್ಕಿಂತ ಕಡಿಮೆ ಬರುವುದು ಮಾಮೂಲು, ದ್ರಾವಕ ಮಾದರಿಗಳು ಆವೇಶದ ಆಕರ್ಷಣೆಯನ್ನು ಉಬ್ಬಿಸುವುದೇ ಅದಕ್ಕೆ ಕಾರಣ. 0.4ಕ್ಕೆ ಇಳಿದರೆ ಮಾತ್ರ ಮೊದಲ ಸುತ್ತಿನಲ್ಲಿ ನಿಜವಾದ ನೀರಿನ ಅಣು ಎಲ್ಲೋ ಬಿಟ್ಟುಹೋಗಿದೆ ಎಂದು ಹುಡುಕಬೇಕು. ನಿಮ್ಮ ಹೊಸ ಅಣು ಗೆರೆಯ ಮೇಲಿನ ಲಿಗ್ಯಾಂಡ್‌ಗಳ ಜಾತಿಯದ್ದೇ ಆಗಿರಬೇಕು. ಕಾರ್ಬಾಕ್ಸಿಲೇಟ್‌ಗಳ ಗೆರೆ ಹಿಡಿದು ಫಾಸ್ಫೊನೇಟ್ ಅಳೆಯಲು ಹೋದರೆ ಅದು ಮತ್ತೆ ಊಹೆಯೇ.

ಲೋಹ ಬದಲಾದರೆ ಸಲಹೆಯೂ ಬದಲು. ಸತು, ಕ್ಯಾಡ್ಮಿಯಂ ಯುರೇನೈಲ್‌ನಂತೆಯೇ ಸಾಧು. ಎರಡು ಧನಾವೇಶದ ಕಬ್ಬಿಣ ಹಾಗಲ್ಲ: ಹೈ ಸ್ಪಿನ್ (ಒಂಟಿ ಎಲೆಕ್ಟ್ರಾನ್‌ಗಳು ಹೆಚ್ಚು), ಲೋ ಸ್ಪಿನ್ (ಜೋಡಿಗಳು ಹೆಚ್ಚು) ಎರಡನ್ನೂ ಲೆಕ್ಕ ಹಾಕಬೇಕು, ಯಾವುದು ಕೆಳಗೆ ಎಂಬುದು ನೀವು ಆರಿಸಿದ ಫಂಕ್ಷನಲ್‌ನ ಮೇಲೆಯೇ ನಿಂತಿರುತ್ತದೆ. ಬಿ3ಎಲ್‌ವೈಪಿಯಲ್ಲಿ ಬೆರೆತಿರುವ 20 ಶೇಕಡಾ ಹಾರ್ಟ್ರಿ-ಫಾಕ್ ಎಕ್ಸ್‌ಚೇಂಜ್ ಹೈ ಸ್ಪಿನ್ ಕಡೆ ವಾಲುತ್ತದೆ; ಟಿಪಿಎಸ್‌ಎಸ್‌ಎಚ್ ಎಂಬ ಫಂಕ್ಷನಲ್‌ನ 10 ಶೇಕಡಾ ಇನ್ನೊಂದು ಕಡೆ. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ನಂಬಿ.

ಅಕ್ಕಪಕ್ಕದ ಲ್ಯಾಂಥನೈಡ್‌ಗಳನ್ನು ಬೇರ್ಪಡಿಸುವ ಅಣು ಬೇಕೆಂದವರಿಗೆ ಒಂದು ಲೆಕ್ಕ. ಇಡಿಟಿಎ ಜೊತೆ ಲ್ಯಾಂಥನಂಗೆ ಲಾಗ್ ಕೆ 15.5, ಲುಟೇಷಿಯಂಗೆ 19.8. ನಡುವೆ 14 ಮೆಟ್ಟಿಲು, ಮೆಟ್ಟಿಲಿಗೆ ಸರಾಸರಿ 0.3 ಲಾಗ್, ಅಂದರೆ 1.8 ಕಿಲೋಜೌಲ್. ಯಾವ ಡಿಎಫ್‌ಟಿಯೂ ಆ ಒಂದು ಮೆಟ್ಟಿಲನ್ನು ನೇರವಾಗಿ ಕಾಣಲಾರದು. ಎರಡು ತುದಿ ಮಾತ್ರ ಲೆಕ್ಕ ಹಾಕಿ, 4.3 ಲಾಗ್ ಎಂದರೆ 25 ಕಿಲೋಜೌಲ್, ಅದು ಕೈಗೆ ಸಿಗುತ್ತದೆ. ಹೊಸ ಲಿಗ್ಯಾಂಡ್ ತುದಿಗಳ ಅಂತರವನ್ನು ಇಡಿಟಿಎಗಿಂತ ಹಿಗ್ಗಿಸಿದರೆ ನಡುವಿನ ಮೆಟ್ಟಿಲುಗಳೂ ಸರಾಸರಿಯಲ್ಲಿ ಎತ್ತರವಾಗುತ್ತವೆ. ಸರಣಿಯ ಆರಂಭದವು 9 ನೀರು, ಕೊನೆಯವು 8 ನೀರು ಹೊತ್ತಿರುತ್ತವೆ ಎಂಬುದನ್ನು ಸಮೀಕರಣದಲ್ಲಿ ಮರೆಯಬೇಡಿ.

ಚಲನೆಯ ಲೆಕ್ಕ ಬೇಕೇ?

ಕಾಲ ಸರಿದಂತೆ ಪರಮಾಣುಗಳು ಹೇಗೆ ಚಲಿಸುತ್ತವೆ ಎಂದು ಲೆಕ್ಕ ಹಾಕುವ ಮಾಲಿಕ್ಯುಲರ್ ಡೈನಮಿಕ್ಸ್‌ಗೆ ಹೋಗುವ ಮುನ್ನ ಒಂದು ಗಡಿಯಾರ ನೋಡಿ. ಮೆಗ್ನೀಸಿಯಂ ತನ್ನ ಸುತ್ತಿನ ಒಂದು ನೀರನ್ನು ಬದಲಿಸಲು ಮೈಕ್ರೋಸೆಕೆಂಡಿಗೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಯುರೇನೈಲ್ ಕೂಡ ಹೆಚ್ಚುಕಡಿಮೆ ಒಂದು ಮೈಕ್ರೋಸೆಕೆಂಡ್. ನೀವು ಓಡಿಸುವುದು 100 ನ್ಯಾನೋಸೆಕೆಂಡ್. ಆರಂಭದಲ್ಲಿ ಇಟ್ಟ ಜಾಗದಲ್ಲೇ ಎಲ್ಲ ಕುಳಿತಿರುತ್ತದೆ, ನೋಡಿದವರು ‘ಎಷ್ಟು ಸ್ಥಿರ!’ ಎನ್ನುತ್ತಾರೆ. ಅದು ಸ್ಥಿರತೆಯಲ್ಲ, ಸಿನಿಮಾ ಬೇಗ ಮುಗಿದದ್ದು. ಬಂಧದ ಶಕ್ತಿ ಬೇಕಾದರೆ ಮೆಟಾಡೈನಮಿಕ್ಸ್ ಅಥವಾ ಅಂಬ್ರೆಲಾ ಸ್ಯಾಂಪ್ಲಿಂಗ್‌ನಿಂದ ಬಲವಂತವಾಗಿ ಎಳೆದು ನೋಡಬೇಕು.

ಫೋರ್ಸ್ ಫೀಲ್ಡ್‌ನ ಆಯ್ಕೆ ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. ಸಾಮಾನ್ಯ 12-6 ಮಾದರಿಯಲ್ಲಿ (ಹೆಸರು ಬಂದದ್ದು ಸೂತ್ರದಲ್ಲಿನ ದೂರದ ಘಾತಗಳಿಂದ) ಎರಡು ಧನಾವೇಶದ ಅಯಾನಿಗೆ ಜಲಯೋಜನ ಶಕ್ತಿ ಸರಿಪಡಿಸಿದರೆ ದೂರ ತಪ್ಪುತ್ತದೆ, ದೂರ ಸರಿಪಡಿಸಿದರೆ ಶಕ್ತಿ ತಪ್ಪುತ್ತದೆ. ಲಿ ಮತ್ತು ಮೆರ್ಜ್ 12-6-4 ಎಂದು ಒಂದು ಪದ ಹೆಚ್ಚಿಸಿ ಇದನ್ನು ಬಗೆಹರಿಸಿದರು. ಆಂಬರ್ ಎಂಬ ಡೈನಮಿಕ್ಸ್ ತಂತ್ರಾಂಶ ಬಳಸುವವರಿಗೆ ಅದೇ ಮೊದಲ ಆಯ್ಕೆ. ಯುರೇನೈಲ್‌ಗೆ ಗಿಲ್ಬೊ ಮತ್ತು ವಿಪ್ ಕೊಟ್ಟ ಹಳೆಯ ಪ್ಯಾರಾಮೀಟರ್‌ಗಳಿವೆ. ನಾರಿನ ಮೇಲೆ, ಪಾಲಿಮರ್ ಒಳಗೆ, ಪೊರೆಯ ರಂಧ್ರದಲ್ಲಿ ಅಯಾನು ಹೇಗೆ ಸುಳಿದಾಡುತ್ತದೆ ಎಂಬ ಪ್ರಶ್ನೆಗೆ ಇವು ಬೇಕೇ ಬೇಕು. ಕರಗಿರುವ ಒಂದು ಲಿಗ್ಯಾಂಡ್‌ನ ಲಾಗ್ ಕೆಗಾಗಿ ಇಷ್ಟು ದೂರ ಬರುವ ಅಗತ್ಯ ಕಡಿಮೆ.

ಸಿಪಿ2ಕೆ ತಂತ್ರಾಂಶದಲ್ಲಿ ಮಾಡುವ ಅಬ್ ಇನಿಶಿಯೊ ಡೈನಮಿಕ್ಸ್ (ಪ್ರತಿ ಹೆಜ್ಜೆಗೂ ಡಿಎಫ್‌ಟಿ ಲೆಕ್ಕ ಮಾಡುವುದು) 64ರಿಂದ 128 ನೀರಿನ ಅಣುಗಳ ಪೆಟ್ಟಿಗೆಯಲ್ಲಿ ಕೆಲವು ಹತ್ತು ಪಿಕೋಸೆಕೆಂಡ್ ಓಡುತ್ತದೆ, ಅದಕ್ಕೇ ಕ್ಲಸ್ಟರ್‌ನ ವಾರಗಳು ಹೋಗುತ್ತವೆ. ಅದರಿಂದ ಪಡೆಯಬೇಕಾದ್ದು ಒಂದೇ: ಮೊದಲ ಸುತ್ತಿನಲ್ಲಿ ಎಷ್ಟು ನೀರು, ಅವು ಎಷ್ಟು ದೂರ. ಡಿಎಫ್‌ಟಿ ಲೆಕ್ಕಕ್ಕೆ ಸರಿಯಾದ ಆರಂಭ ಕೊಡಲು ಅದು ಸಾಕು. ಬೆಂಗಳೂರಿನ ಐಐಎಸ್‌ಸಿಯ 3.3 ಪೆಟಾಫ್ಲಾಪ್ಸ್‌ನ ಪರಮ್ ಪ್ರವೇಗದಂಥ ಯಂತ್ರದಲ್ಲಿ ಸಮಯ ಸಿಕ್ಕರೂ ಮೊದಲು ಹತ್ತು ಲಿಗ್ಯಾಂಡ್‌ಗಳ ಡಿಎಫ್‌ಟಿ ಗೆರೆಗೇ ಅದನ್ನು ಖರ್ಚು ಮಾಡುವುದು ಲಾಭ.

ಯಂತ್ರಕಲಿಕೆ

ಮೆಟಾ ತಂಡ 2025ರಲ್ಲಿ ಬಿಡುಗಡೆ ಮಾಡಿದ ಒಎಂಒಎಲ್25 ದತ್ತಾಂಶದಲ್ಲಿ ಹತ್ತು ಕೋಟಿಗೂ ಹೆಚ್ಚು ಡಿಎಫ್‌ಟಿ ಲೆಕ್ಕಗಳಿವೆ, ಲೋಹ ಸಂಕೀರ್ಣಗಳೂ ಧಾರಾಳ. ಅದರ ಮೇಲೆ ಕಲಿತ ಮಾದರಿಗಳು ತಾಮ್ರ, ಸತು, ನಿಕ್ಕಲ್‌ಗಳ ರಚನೆಯನ್ನು ಎಕ್ಸ್‌ಟಿಬಿಗಿಂತ ಉತ್ತಮವಾಗಿ ಕೊಡುತ್ತವೆ. ಜಿಪಿಯು ಇದ್ದವರು ಜರಡಿಯ ಮಧ್ಯದ ಹಂತಕ್ಕೆ ಬಳಸಬಹುದು. ಆದರೆ ಅದು ಒಳಗೊಳ್ಳುವುದು 83 ಧಾತುಗಳನ್ನು. ಯುರೇನಿಯಂ ಅಲ್ಲೂ ಹೊರಗೇ. ಅಳೆದ ಲಾಗ್ ಕೆಗಳ ಮೇಲೆ ನೇರವಾಗಿ ಕಲಿಸಿದ ಮಾದರಿಗಳು ಅಮಿನೋಕಾರ್ಬಾಕ್ಸಿಲೇಟ್‌ಗಳ ನಡುವೆ ಜಾಣರು, ಏಕೆಂದರೆ ಅಳತೆಗಳೆಲ್ಲ ಆ ಕಡೆಯೇ ರಾಶಿಬಿದ್ದಿವೆ. ನೀವು ಹುಡುಕುತ್ತಿರುವುದು ಹೊಸ ಜಾತಿಯ ಅಣುವಾದರೆ ಅವು ಹೇಳುವುದು ಹಳೆಯ ಊರಿನ ದಾರಿ.

ಕೈಯಲ್ಲಿರುವುದನ್ನು ನೋಡಿ ಆರಿಸಿ

ಲ್ಯಾಪ್‌ಟಾಪ್ ಮಾತ್ರ ಇದ್ದರೆ: ಫ್ರೀಕ್, ಹೋಸ್ಟ್‌ಡಿಸೈನರ್, ಎಕ್ಸ್‌ಟಿಬಿ, ಕ್ರೆಸ್ಟ್. ಎಲ್ಲ ಉಚಿತ. ಲಾಗ್ ಕೆ ಹೇಳಲಾಗದು, ಆದರೆ 500 ಅಣುಗಳನ್ನು 15ಕ್ಕೆ ಇಳಿಸಬಹುದು, ಸಂಶ್ಲೇಷಣೆಯವರಿಗೆ ಬೇಕಾದದ್ದೂ ಅಷ್ಟೇ.

16ರಿಂದ 32 ಕೋರ್‌ಗಳ ಯಂತ್ರ, ಕೋರ್‌ಗೆ 4 ಗಿಗಾಬೈಟ್ ಮೆಮೊರಿ ಇದ್ದರೆ: ಓರ್ಕಾ ಸೇರಿಸಿಕೊಳ್ಳಿ, ಶಿಕ್ಷಣ ಸಂಸ್ಥೆಗಳಿಗೆ ಉಚಿತ. 60 ಪರಮಾಣುಗಳ ಸಂಕೀರ್ಣವೊಂದು ಕೆಲವು ಗಂಟೆಗಳಿಂದ ಒಂದೆರಡು ದಿನ ತಿನ್ನುತ್ತದೆ. ಇನ್‌ಪುಟ್‌ನಲ್ಲಿ ಪ್ರತಿ ಕೋರ್‌ಗೆ ಇರುವ ಮೆಮೊರಿಯ ಮುಕ್ಕಾಲು ಪಾಲು ಮಾತ್ರ ಕೊಡಿ. ಪೂರ್ತಿ ಕೊಟ್ಟರೆ ರಾತ್ರಿ ಎರಡಕ್ಕೆ ಲೆಕ್ಕ ಸತ್ತಿರುತ್ತದೆ. ಡಿಎಫ್‌ಟಿಗಿಂತ ನಿಖರ, ಆದರೆ ದುಬಾರಿಯಾದ ಡಿಎಲ್‌ಪಿಎನ್‌ಒ-ಸಿಸಿಎಸ್‌ಡಿ(ಟಿ)ಯನ್ನು ಪೂರ್ತಿ ಸಂಕೀರ್ಣಕ್ಕೆ ಓಡಿಸುವ ಆಸೆ ಬೇಡ. ಲೋಹ ಮತ್ತು ದಾತೃ ಗುಂಪಿನ ಸಣ್ಣ ಮಾದರಿಗೆ ಒಮ್ಮೆ ಓಡಿಸಿ, ಯಾವ ಫಂಕ್ಷನಲ್ ಹತ್ತಿರ ಬಂತೆಂದು ಆರಿಸಿಕೊಳ್ಳಿ.

ಎರಡು ಲಿಗ್ಯಾಂಡ್‌ಗಳ ನಡುವಿನ ಅಂತರ ನಿಮ್ಮ ಗೆರೆಯ ತಪ್ಪಿಗಿಂತ, ಸಾಮಾನ್ಯವಾಗಿ 1ರಿಂದ 2 ಲಾಗ್‌ಗಿಂತ, ಕಡಿಮೆಯಾದರೆ ಗಣಕ ನಿಲ್ಲಿಸಿ, ಎರಡನ್ನೂ ತಯಾರಿಸಿ. ಇನ್ನೊಂದು ವಾರದ ಲೆಕ್ಕಕ್ಕಿಂತ ಒಂದು ಟೈಟ್ರೇಷನ್ ಅಗ್ಗ.

ಪ್ರಯೋಗಾಲಯಕ್ಕೆ ಕೊಡುವ ಮೊದಲು ಎದುರಾಳಿಗಳ ಪಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡುವುದು ಒಳ್ಳೆಯದು. ಸಮುದ್ರದ ನೀರಿನಲ್ಲಿ ಲೀಟರಿಗೆ 3.3 ಮೈಕ್ರೋಗ್ರಾಂ ಯುರೇನಿಯಂ ಹಿಡಿಯಲು ಹಾಕಿದ ಅಮಿಡಾಕ್ಸಿಮ್ ನಾರುಗಳು ಯುರೇನಿಯಂಗಿಂತ ಹೆಚ್ಚು ವನೇಡಿಯಂ ತುಂಬಿಕೊಂಡು ಬಂದವು. ನೀರಿನಲ್ಲಿ ಐದು ಧನಾವೇಶದ ವನೇಡಿಯಂ ಸದಾ ಆಮ್ಲಜನಕಗಳನ್ನು ಹೊತ್ತೇ ಇರುತ್ತದೆ ಎಂಬುದು ಎಲ್ಲರೂ ಒಪ್ಪಿದ ಮಾತಾಗಿತ್ತು, ಲೆಕ್ಕಗಳೂ ಹಾಗೇ ಶುರುವಾಗುತ್ತಿದ್ದವು. ಗ್ಲುಟರಿಮಿಡ್ ಡೈಆಕ್ಸಿಮ್ ಸಿಕ್ಕಾಗ ಅದು ಆ ಆಮ್ಲಜನಕಗಳನ್ನೆಲ್ಲ ಕಳಚಿ, ಬರಿಮೈಯಲ್ಲಿ ಎರಡು ಲಿಗ್ಯಾಂಡ್‌ಗಳ ನಡುವೆ ಕೂತಿತ್ತು. ಸ್ಫಟಿಕ ರಚನೆ ಬಂದ ಮೇಲೆಯೇ ಆ ರೂಪ ಲೆಕ್ಕದ ಪಟ್ಟಿಗೆ ಸೇರಿದ್ದು. ಸೇರಿಸಿದ ಮೇಲೆ ವನೇಡಿಯಂ ಏಕೆ ಗೆಲ್ಲುತ್ತದೆ ಎಂಬುದನ್ನು ಡಿಎಫ್‌ಟಿ ಸರಿಯಾಗಿಯೇ ಹೇಳಿತು.